ದಾಳಿಗೆ ಮುನ್ನ ಗೆಳೆಯರ ಒಪ್ಪಿಗೆ ಬೇಕೇ? ಕಾನೂನು ಹೇಳೋದು ಒಂದು, ಖಜಾನೆ ಹೇಳೋದು ಇನ್ನೊಂದು

ಗಡಿಯಾಚೆ ಸೇನೆ ಕಳಿಸುವ ಮಾತು ಬಂದಾಗಲೆಲ್ಲ ನಮ್ಮ ಟಿವಿ ಸ್ಟುಡಿಯೊಗಳಲ್ಲಿ ಎರಡು ಪಾಳಯ ತಯಾರಾಗುತ್ತವೆ. 'ನಾವ್ಯಾಕೆ ಯಾರದ್ದೋ ಅಪ್ಪಣೆ ಕೇಳಬೇಕು?' ಅನ್ನೋದು ಒಂದು. 'ಜಗತ್ತು ಏನನ್ನುತ್ತೆ ಅಂತ ನೋಡಬೇಡವೇ?' ಅನ್ನೋದು ಇನ್ನೊಂದು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದ ನಾಲ್ಕು ದಿನವೂ ಇದನ್ನೇ ಕೇಳಿದೆವು. ಇದು ನಮ್ಮೊಬ್ಬರ ಜಗಳವೂ ಅಲ್ಲ. 2004ರ ಸೆಪ್ಟೆಂಬರ್ 30ರಂದು ಅಮೆರಿಕದ ಅಧ್ಯಕ್ಷೀಯ ಚರ್ಚೆಯಲ್ಲಿ ಜಾನ್ ಕೆರಿ, ಮೊದಲೇ ದಾಳಿ ಮಾಡುವ ಹಕ್ಕು ಅಧ್ಯಕ್ಷರಿಗಿದೆ, ಆದರೆ ಅದು ಒಂದು ಜಾಗತಿಕ ಪರೀಕ್ಷೆಯಲ್ಲಿ ಪಾಸಾಗುವಂತಿರಬೇಕು ಅನ್ನುವ ಅರ್ಥದಲ್ಲಿ ಮಾತಾಡಿದರು. ಬುಷ್ ಅವರ ಪ್ರಚಾರ ತಂಡಕ್ಕೆ ಅಷ್ಟೇ ಸಾಕಾಯಿತು. ದೇಶದ ರಕ್ಷಣೆಯನ್ನು ಬೇರೆಯವರ ಕೈಗೆ ಒಪ್ಪಿಸುವ ಮನುಷ್ಯ ಅಂತ ಚುನಾವಣೆ ಮುಗಿಯುವವರೆಗೂ ಸಾರಿದರು.

ನನಗೆ ಈ ಎರಡೂ ಪಾಳಯಗಳ ಮೇಲೆ ತಕರಾರಿದೆ. ಇಬ್ಬರೂ ಇದನ್ನು ಸ್ವಾಭಿಮಾನದ ಪ್ರಶ್ನೆ ಅಂತ ತಿಳಿದಿದ್ದಾರೆ. ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಯಂತ್ರಕ್ಕೆ ಸ್ವಾಭಿಮಾನ ಇದೆಯಾ ಅಂತ ಯಾರೂ ಕೇಳಲ್ಲ. ಕರೆಂಟ್ ಎಲ್ಲಿಂದ ಬರ್ತಿದೆ, ಸ್ವಿಚ್ ಯಾರ ಕೈಲಿದೆ ಅಂತ ಕೇಳ್ತಾರೆ. ಯುದ್ಧದ ಅನುಮತಿಯನ್ನೂ ಹಾಗೇ ಬಿಚ್ಚಿ ನೋಡೋಣ.

ಕಾನೂನಿನಲ್ಲಿ ಗೆಳೆಯರಿಗೆ ಜಾಗವೇ ಇಲ್ಲ

ಈ ಭಾಗ ಚಿಕ್ಕದು, ಬೇಗ ಮುಗಿಸೋಣ. 1945ರ ವಿಶ್ವಸಂಸ್ಥೆ ಸನ್ನದಿನ 2(4)ನೇ ವಿಧಿ ಪರದೇಶದ ಮೇಲೆ ಬಲಪ್ರಯೋಗ ಮಾಡಬಾರದು ಅನ್ನುತ್ತದೆ. ಅದಕ್ಕೆ ಎರಡೇ ವಿನಾಯಿತಿ. ಭದ್ರತಾ ಮಂಡಳಿಯೇ ಅಧಿಕಾರ ಕೊಟ್ಟಿರಬೇಕು, ಇಲ್ಲವೇ 51ನೇ ವಿಧಿಯ ಪ್ರಕಾರ ಆತ್ಮರಕ್ಷಣೆ ಆಗಿರಬೇಕು. ಆತ್ಮರಕ್ಷಣೆಗೆ ಮೊದಲೇ ಯಾರನ್ನೂ ಕೇಳಬೇಕಿಲ್ಲ, ಆದರೆ ಕೈಗೊಂಡ ಕ್ರಮವನ್ನು ಕೂಡಲೇ ಮಂಡಳಿಗೆ ತಿಳಿಸಬೇಕು. ಮಿತ್ರರಾಷ್ಟ್ರಗಳ ಒಪ್ಪಿಗೆ ಅನ್ನೋ ಮೂರನೇ ಬಾಗಿಲು ಸನ್ನದಿನಲ್ಲಿ ಇಲ್ಲ. ಪ್ರಾದೇಶಿಕ ಕೂಟಗಳು ಕೂಡ ಮಂಡಳಿಯ ಅಧಿಕಾರವಿಲ್ಲದೆ ಬಲವಂತದ ಕ್ರಮ ಕೈಗೊಳ್ಳುವಂತಿಲ್ಲ ಅಂತ 53ನೇ ವಿಧಿ ಹೇಳುತ್ತದೆ.

ಅಂದರೆ ಗೆಳೆಯರೆಲ್ಲ ಒಪ್ಪಿದರೂ ದಾಳಿ ಕಾನೂನುಬದ್ಧ ಆಗೋದಿಲ್ಲ. 1999ರ ಮಾರ್ಚ್ 24ರಂದು ನೇಟೊ ಯುಗೋಸ್ಲಾವಿಯದ ಮೇಲೆ ಬಾಂಬ್ ಹಾಕಲು ಶುರು ಮಾಡಿದಾಗ ಕೂಟದ 19 ದೇಶಗಳೂ ಒಟ್ಟಿಗಿದ್ದವು. ಭದ್ರತಾ ಮಂಡಳಿಯ ಅಧಿಕಾರ ಮಾತ್ರ ಇರಲಿಲ್ಲ. 78 ದಿನ ನಡೆದ ಆ ದಾಳಿ ಸರಿಯೋ ತಪ್ಪೋ ಅಂತ ಕಾನೂನು ಪಂಡಿತರು ಇವತ್ತಿಗೂ ಕಿತ್ತಾಡುತ್ತಾರೆ. ಅದೇ ರೀತಿ, ಗೆಳೆಯರು ಬೇಡ ಅಂದ ಮಾತ್ರಕ್ಕೆ ದಾಳಿ ಕಾನೂನುಬಾಹಿರವೂ ಆಗೋದಿಲ್ಲ. ನೇಟೊ ಒಪ್ಪಂದದ 4ನೇ ವಿಧಿ ಸಮಾಲೋಚನೆಯ ಬಗ್ಗೆ ಹೇಳುತ್ತದೆಯೇ ಹೊರತು ಅಪ್ಪಣೆಯ ಬಗ್ಗೆ ಅಲ್ಲ.

ಅಪ್ಪಣೆಯನ್ನು ಕಾಗದದ ಮೇಲೆ ಬರೆದುಕೊಟ್ಟ ಉದಾಹರಣೆಯೂ ಇದೆ. 1954ರ ಡಿಸೆಂಬರ್‌ನಲ್ಲಿ ಅಮೆರಿಕ ಮತ್ತು ತೈವಾನ್ ರಕ್ಷಣಾ ಒಪ್ಪಂದ ಮಾಡಿಕೊಂಡಾಗ ಜೊತೆಗೊಂದು ಪತ್ರ ವಿನಿಮಯ ನಡೆಯಿತು. ಆತ್ಮರಕ್ಷಣೆಯ ತುರ್ತು ಬಿಟ್ಟರೆ ಬಲಪ್ರಯೋಗವನ್ನು ಇಬ್ಬರೂ ಒಪ್ಪಿಯೇ ಮಾಡಬೇಕು ಅಂತ ಅದರಲ್ಲಿತ್ತು. ಚಿಯಾಂಗ್ ಕೈ ಷೇಕ್ ಚೀನಾದ ಮೇಲೆ ಏರಿಹೋಗಿ ಅಮೆರಿಕವನ್ನೂ ಎಳೆದುಬಿಟ್ಟರೆ ಅನ್ನೋ ಭಯ ವಾಷಿಂಗ್ಟನ್‌ಗಿತ್ತು. ರಕ್ಷಣೆ ಕೊಡುವವನು ಹಗ್ಗದ ತುದಿಯನ್ನೂ ತಾನೇ ಹಿಡಿದುಕೊಂಡ ಸಂದರ್ಭ ಅದು. ಉಳಿದ ಬಹುತೇಕ ಕಡೆ ಇಂಥ ಪತ್ರ ಇರೋದಿಲ್ಲ. ಹಾಗಾದರೆ ಅಪ್ಪಣೆಯ ಪ್ರಶ್ನೆ ಪದೇ ಪದೇ ಯಾಕೆ ಬರುತ್ತೆ? ಅದಕ್ಕೆ ಸೂಯೆಜ್‌ಗೆ ಹೋಗಬೇಕು.

1956: ಗೆದ್ದ ಸೇನೆ ವಾಪಸ್ ಬಂದ ಕತೆ

1956ರ ಜುಲೈ 26ರಂದು ಈಜಿಪ್ಟ್ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಆ ಕಂಪನಿಯಲ್ಲಿ ಬ್ರಿಟಿಷ್ ಸರ್ಕಾರದ್ದೇ ಶೇ 44ರಷ್ಟು ಪಾಲು, ಉಳಿದದ್ದರಲ್ಲಿ ಹೆಚ್ಚಿನದು ಫ್ರೆಂಚರದ್ದು. ಯುರೋಪಿಗೆ ತೈಲ ಬರುತ್ತಿದ್ದ ದಾರಿ ಅದು. ಬ್ರಿಟನ್ ಪ್ರಧಾನಿ ಆಂಥನಿ ಈಡನ್ ಕೆಂಡವಾದರು. ಅಕ್ಟೋಬರ್ 22ರಿಂದ 24ರವರೆಗೆ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಗುಟ್ಟಾಗಿ ಕೂತು ಒಂದು ನಾಟಕ ಹೆಣೆದವು. ಇಸ್ರೇಲ್ ಈಜಿಪ್ಟ್ ಮೇಲೆ ದಾಳಿ ಮಾಡಬೇಕು. ಆಮೇಲೆ ಜಗಳ ಬಿಡಿಸುವ ನೆಪದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಬಂದು ಕಾಲುವೆ ಹಿಡಿಯಬೇಕು. ನೇಟೊದ ಹಿರಿಯಣ್ಣ ಅಮೆರಿಕಕ್ಕೆ ಈ ವಿಷಯ ಹೇಳಲೇ ಇಲ್ಲ. ನವೆಂಬರ್ 6ಕ್ಕೆ ಅಲ್ಲಿ ಅಧ್ಯಕ್ಷೀಯ ಚುನಾವಣೆ. ಐಸೆನ್‌ಹೋವರ್ ಮುನಿಸಿಕೊಂಡರೂ ಸುಮ್ಮನಿರ್ತಾರೆ ಅನ್ನೋದು ಈಡನ್ ಲೆಕ್ಕ.

ನಾಟಕ ಬರೆದ ಹಾಗೇ ನಡೆಯಿತು. ಅಕ್ಟೋಬರ್ 29ಕ್ಕೆ ಇಸ್ರೇಲ್ ಸಿನಾಯ್‌ಗೆ ನುಗ್ಗಿತು. ನವೆಂಬರ್ 5ಕ್ಕೆ ಬ್ರಿಟಿಷ್ ಮತ್ತು ಫ್ರೆಂಚ್ ಪ್ಯಾರಾಟ್ರೂಪರ್‌ಗಳು ಪೋರ್ಟ್ ಸಯ್ಯದ್ ಹತ್ತಿರ ಇಳಿದರು, ಮರುದಿನ ಹಡಗುಗಳಿಂದ ಸೈನ್ಯ ಇಳಿಯಿತು. ಕಾಲುವೆಗುಂಟ 23 ಮೈಲಿ ಮುಂದೆ ಹೋದರು. ಯುದ್ಧಭೂಮಿಯಲ್ಲಿ ಅವರನ್ನು ತಡೆಯುವ ಶಕ್ತಿ ಈಜಿಪ್ಟಿಗೆ ಇರಲಿಲ್ಲ. ಆದರೂ ಅದೇ ನವೆಂಬರ್ 6ರ ಮಧ್ಯರಾತ್ರಿ ಕದನ ನಿಂತಿತು.

ನಿಲ್ಲಿಸಿದ್ದು ಪೌಂಡು. ಆಗ ಒಂದು ಪೌಂಡಿಗೆ 2.80 ಡಾಲರ್ ಅಂತ ದರ ನಿಗದಿಯಾಗಿತ್ತು. ಆ ದರ ಕಾಪಾಡಲು ಬ್ರಿಟನ್ ತನ್ನ ಡಾಲರ್ ಮೀಸಲನ್ನು ಖರ್ಚು ಮಾಡಬೇಕು. ಯುದ್ಧದ ಸುದ್ದಿ ಕೇಳಿ ಪೌಂಡ್ ಇಟ್ಟುಕೊಂಡವರೆಲ್ಲ ಮಾರತೊಡಗಿದರು. ನವೆಂಬರ್ ಒಂದೇ ತಿಂಗಳಲ್ಲಿ ಮೀಸಲು 27.9 ಕೋಟಿ ಡಾಲರ್ ಕರಗಿ, 200 ಕೋಟಿ ಡಾಲರ್ ಅನ್ನೋ ಗೆರೆಯ ಕೆಳಗಿಳಿಯಿತು. ಐಎಂಎಫ್‌ನಿಂದ ಸಾಲ ಎತ್ತಬಹುದಿತ್ತು, ಆದರೆ ಅದಕ್ಕೆ ಅಮೆರಿಕದ ಬೆಂಬಲ ಬೇಕು. ಸೈನ್ಯ ಹೊರಡದೆ ಬೆಂಬಲ ಇಲ್ಲ ಅಂತ ವಾಷಿಂಗ್ಟನ್ ಪಟ್ಟು ಹಿಡಿಯಿತು. ಅತ್ತ ಈಜಿಪ್ಟ್ ಹಡಗುಗಳನ್ನು ಮುಳುಗಿಸಿ ಕಾಲುವೆಯನ್ನೇ ಬಂದ್ ಮಾಡಿತ್ತು. ಸಿರಿಯಾದಲ್ಲಿ ಇರಾಕಿನ ತೈಲ ತರುತ್ತಿದ್ದ ಪೈಪ್‌ಲೈನಿನ ಪಂಪಿಂಗ್ ಕೇಂದ್ರಗಳನ್ನು ಸ್ಫೋಟಿಸಲಾಗಿತ್ತು. ಬದಲಿ ತೈಲ ಸಿಗಬೇಕಾದದ್ದು ಅಟ್ಲಾಂಟಿಕ್‌ನ ಆಚೆಯಿಂದ, ಅಲ್ಲೂ ನಲ್ಲಿ ಅಮೆರಿಕದ ಕೈಲೇ. ಡಿಸೆಂಬರ್ 17ರಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು.

ಡಿಸೆಂಬರ್ ಮೊದಲ ವಾರ ಸೈನ್ಯ ವಾಪಸಾತಿ ಘೋಷಣೆಯಾಯಿತು. ಡಿಸೆಂಬರ್ 10ಕ್ಕೆ ಐಎಂಎಫ್ 130 ಕೋಟಿ ಡಾಲರ್‌ನ ನೆರವಿಗೆ ಒಪ್ಪಿತು. ದಿನಾಂಕಗಳ ಈ ಸಾಲನ್ನು ನೋಡಿದರೆ ಬೇರೆ ವಿವರಣೆ ಬೇಕಾಗಲ್ಲ. 1957ರ ಜನವರಿ 9ರಂದು ಈಡನ್ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದವರು ಹೆರಾಲ್ಡ್ ಮ್ಯಾಕ್‌ಮಿಲನ್. ಹಣಕಾಸು ಸಚಿವರಾಗಿ ಮೊದಲು ಯುದ್ಧಕ್ಕೆ ಹುರಿದುಂಬಿಸಿ, ಖಜಾನೆ ಖಾಲಿಯಾಗೋದು ಕಂಡ ಕೂಡಲೇ ನಿಲ್ಲಿಸಿ ಅಂದವರು ಅವರೇ.

ಅದೇ ವಾರ ಇನ್ನೊಂದು ಕಡೆ ಏನಾಯ್ತು ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ. ನವೆಂಬರ್ 4ಕ್ಕೆ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್‌ಗೆ ನುಗ್ಗಿದವು. ವಿಶ್ವಸಂಸ್ಥೆಯ ಅದೇ ಸಾಮಾನ್ಯ ಸಭೆ ಅದನ್ನೂ ಖಂಡಿಸಿತು. ಟ್ಯಾಂಕುಗಳು ಅಲುಗಾಡಲಿಲ್ಲ. ಮಾಸ್ಕೊಗೆ ಸಾಲ ಕೊಟ್ಟವರಿರಲಿಲ್ಲ, ತೈಲ ಕೊಡುವವರೂ ಇರಲಿಲ್ಲ. ಖಂಡನೆ ಎರಡೂ ಕಡೆ ಇತ್ತು, ನಲ್ಲಿ ಇದ್ದದ್ದು ಒಂದೇ ಕಡೆ. ನ್ಯಾಯದ ದೃಷ್ಟಿಯಿಂದ ಇದು ಕಹಿ ಮಾತು, ಬುಡಾಪೆಸ್ಟ್‌ನಲ್ಲಿ ಸತ್ತವರಿಗಂತೂ ಇನ್ನೂ ಕಹಿ.

ಸೋತ ಇಬ್ಬರೂ ಒಂದೇ ಪಾಠ ಕಲಿಯಲಿಲ್ಲ ಅನ್ನೋದು ನನಗೆ ಸೂಯೆಜ್‌ಗಿಂತ ಕುತೂಹಲದ ವಿಷಯ. ಇನ್ನು ಮುಂದೆ ಅಮೆರಿಕ ಬಿಟ್ಟು ದೊಡ್ಡ ಹೆಜ್ಜೆ ಇಡಬಾರದು ಅಂದುಕೊಂಡ ಬ್ರಿಟನ್, ತನ್ನ ಅಣ್ವಸ್ತ್ರ ಹೊತ್ತೊಯ್ಯುವ ಕ್ಷಿಪಣಿಯನ್ನೂ ಅಮೆರಿಕದಿಂದಲೇ ತಂದಿತು. ಇನ್ನು ಮುಂದೆ ಅಮೆರಿಕವನ್ನು ನೆಚ್ಚಬಾರದು ಅಂದುಕೊಂಡ ಫ್ರಾನ್ಸ್ 1960ರಲ್ಲಿ ಸ್ವಂತ ಬಾಂಬ್ ಪರೀಕ್ಷಿಸಿತು, 1966ರಲ್ಲಿ ನೇಟೊದ ಜಂಟಿ ಸೇನಾ ಕಮಾಂಡ್‌ನಿಂದ ಹೊರಬಂತು. 2003ರಲ್ಲಿ ಇರಾಕ್ ವಿಷಯ ಬಂದಾಗ ಒಬ್ಬರು ಅಮೆರಿಕದ ಜೊತೆ ಹೋದರು, ಇನ್ನೊಬ್ಬರು ವೀಟೊ ಹಾಕ್ತೀವಿ ಅಂದರು.

ಆಕಾಶ, ರಸ್ತೆ, ಕ್ಷಿಪಣಿ

ಅಮೆರಿಕಕ್ಕಾದರೆ ಯಾರ ಹಂಗೂ ಇಲ್ಲವಲ್ಲ ಅಂತ ಅನ್ನಿಸಬಹುದು. 1983ರ ಅಕ್ಟೋಬರ್‌ನಲ್ಲಿ ಗ್ರೆನಡಾಕ್ಕೆ ಸೇನೆ ಇಳಿಸಿದಾಗ ಬಹುಪಾಲು ನಿಜವೂ ಹೌದು. ಬ್ರಿಟನ್ ರಾಣಿಯೇ ರಾಷ್ಟ್ರಮುಖ್ಯಸ್ಥೆಯಾಗಿದ್ದ ದೇಶಕ್ಕೆ ನುಗ್ಗುವಾಗ ರೇಗನ್ ತಮ್ಮ ಆಪ್ತ ಸ್ನೇಹಿತೆ ಥ್ಯಾಚರ್ ಅವರ ಆಕ್ಷೇಪಕ್ಕೆ ಸೊಪ್ಪು ಹಾಕಲಿಲ್ಲ. ಸಾಮಾನ್ಯ ಸಭೆಯಲ್ಲಿ 108 ದೇಶಗಳು ವಿರುದ್ಧ ಮತ ಹಾಕಿದವು, ಏನೂ ಆಗಲಿಲ್ಲ. ಗ್ರೆನಡಾ ಅಮೆರಿಕದ ಹಿತ್ತಲಲ್ಲಿರುವ ಪುಟ್ಟ ದ್ವೀಪ.

ದೂರ ಹೋದಂತೆ ಲೆಕ್ಕ ಬದಲಾಗುತ್ತೆ. 1986ರ ಏಪ್ರಿಲ್‌ನಲ್ಲಿ ಲಿಬಿಯಾ ಮೇಲೆ ಬಾಂಬ್ ಹಾಕಲು ಬ್ರಿಟನ್ನಿನ ನೆಲೆಯಿಂದ ಹೊರಟ ಎಫ್-111 ವಿಮಾನಗಳಿಗೆ ಫ್ರಾನ್ಸ್ ಮತ್ತು ಸ್ಪೇನ್ ತಮ್ಮ ಆಕಾಶ ಕೊಡಲಿಲ್ಲ. ಐಬೀರಿಯಾ ಪರ್ಯಾಯದ್ವೀಪವನ್ನು ಸುತ್ತಿ, ಜಿಬ್ರಾಲ್ಟರ್ ಜಲಸಂಧಿ ಮೂಲಕ, ಗಾಳಿಯಲ್ಲೇ ಹಲವು ಸಲ ಇಂಧನ ತುಂಬಿಸಿಕೊಂಡು ಹೋಗಬೇಕಾಯಿತು. ದಾಳಿಯೇನೋ ನಡೆಯಿತು, ಪೈಲಟ್‌ಗಳು ಮಾತ್ರ ರಾತ್ರಿಯಿಡೀ ಸೀಟಿನಲ್ಲಿ ಕೂತೇ ಇದ್ದರು.

2003ರ ಟರ್ಕಿಯದ್ದು ಇನ್ನೂ ದುಬಾರಿ. ಇರಾಕಿಗೆ ಉತ್ತರದಿಂದ ನುಗ್ಗಲು ಸುಮಾರು 62,000 ಸೈನಿಕರನ್ನು ಟರ್ಕಿ ಮೂಲಕ ಕಳಿಸುವುದು ಅಮೆರಿಕದ ಯೋಜನೆ. ಮಾರ್ಚ್ 1ರಂದು ಟರ್ಕಿ ಸಂಸತ್ತಿನಲ್ಲಿ ಮತದಾನ. ಪರ 264, ವಿರುದ್ಧ 250, ತಟಸ್ಥ 19. ಗೆದ್ದಂತೆ ಕಾಣುತ್ತೆ ಅಲ್ವಾ? ಆದರೆ ಹಾಜರಿದ್ದ 533 ಜನರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 267 ಮತ ಬೇಕಿತ್ತು. ಮೂರು ಮತ ಕಡಿಮೆಯಾಗಿ ನಿರ್ಣಯ ಬಿತ್ತು. ಟರ್ಕಿ ಕರಾವಳಿಯಾಚೆ ಕಾಯುತ್ತಿದ್ದ 4ನೇ ಪದಾತಿ ಡಿವಿಜನ್ನಿನ ಸಾಮಗ್ರಿಯ ಹಡಗುಗಳು ಸೂಯೆಜ್ ದಾಟಿ ಕುವೈತ್‌ಗೆ ತಿರುಗಬೇಕಾಯಿತು. ಯುದ್ಧ ಅದಕ್ಕೆ ಕಾಯಲಿಲ್ಲ ಅನ್ನೋದೂ ನಿಜ. ಉತ್ತರಕ್ಕೆ ಪ್ಯಾರಾಟ್ರೂಪರ್‌ಗಳನ್ನು ಇಳಿಸಿ ಕೆಲಸ ಸಾಗಿಸಿದರು.

ಇತ್ತೀಚಿನದು ಬೇಕಾದರೆ ಉಕ್ರೇನ್ ನೋಡಿ. ಕಾನೂನಿನ ಪ್ರಕಾರ ಅದರಷ್ಟು ಸ್ಪಷ್ಟ ಆತ್ಮರಕ್ಷಣೆಯ ಕೇಸ್ ಇನ್ನೊಂದಿಲ್ಲ. ಆದರೂ ಅಮೆರಿಕ ಕೊಟ್ಟ ದೂರಗಾಮಿ ಎಟಿಎಸಿಎಂಎಸ್ ಕ್ಷಿಪಣಿಯನ್ನು ರಷ್ಯಾದ ಒಳನೆಲದ ಮೇಲೆ ಹಾರಿಸಲು ಕೀವ್ 2024ರ ನವೆಂಬರ್‌ವರೆಗೆ ಕಾಯಬೇಕಾಯಿತು, ವಾಷಿಂಗ್ಟನ್ ಹೂಂ ಅನ್ನುವವರೆಗೆ. ಪೋಲೆಂಡ್ ತನ್ನ ಲೆಪರ್ಡ್ ಟ್ಯಾಂಕುಗಳನ್ನು ಉಕ್ರೇನಿಗೆ ಕೊಡಲು ಜರ್ಮನಿಯ ಒಪ್ಪಿಗೆ ಬೇಕಾಗಿತ್ತು, ತಯಾರಿಸಿದವರು ಅವರು. ಶಸ್ತ್ರ ಕೊಂಡವನಿಗೆ ಅದರ ಜೊತೆ ಮಾರಿದವನ ಷರತ್ತುಗಳೂ ಬರುತ್ತವೆ.

ಬೆಳಗಾವಿಯಿಂದ ಹೊರಟ ಡಿವಿಜನ್

ಈಗ ನಮ್ಮ ಮನೆಯ ಕತೆ. 1961ರ ಡಿಸೆಂಬರ್. ಗೋವಾ ನಮ್ಮದೇ ನೆಲ, ಅದನ್ನು ಹೊರದೇಶ ಅಂತ ಹೇಗೆ ಕರೀತೀರಿ ಅಂತ ಕೇಳಬಹುದು. ಭದ್ರತಾ ಮಂಡಳಿಯಲ್ಲಿ ಜಗಳ ನಡೆದದ್ದೇ ಆ ಪ್ರಶ್ನೆಯ ಮೇಲೆ. ಪೋರ್ಚುಗಲ್ ನೇಟೊದ ಸ್ಥಾಪಕ ಸದಸ್ಯ. ಆದರೆ ನೇಟೊ ಒಪ್ಪಂದದ 6ನೇ ವಿಧಿ ರಕ್ಷಣೆಯ ಭರವಸೆಯನ್ನು ಯುರೋಪ್, ಉತ್ತರ ಅಮೆರಿಕ, ಉತ್ತರ ಅಟ್ಲಾಂಟಿಕ್ ವಲಯಕ್ಕೆ ಸೀಮಿತಗೊಳಿಸುತ್ತದೆ. ಗೋವಾ ಅದರೊಳಗೆ ಬರಲ್ಲ. ಬ್ರಿಟನ್ ಜೊತೆಗಿನ ಹಳೇ ಒಪ್ಪಂದವನ್ನು ಲಿಸ್ಬನ್ ನೆನಪಿಸಿತು, ಬ್ರಿಟನ್ ಯುದ್ಧಕ್ಕೆ ಬರಲಿಲ್ಲ. ಅಮೆರಿಕದ ರಾಯಭಾರಿ ಗಾಲ್‌ಬ್ರೈತ್, ಸ್ವಲ್ಪ ಮುಂದೂಡಿ ಅಂತ ನೆಹರೂ ಅವರ ಮನವೊಲಿಸಲು ನೋಡಿದರು. ಅದೂ ಫಲಿಸಲಿಲ್ಲ.

ಬೆಳಗಾವಿಯಲ್ಲಿ ಜಮಾಯಿಸಿದ್ದ 17ನೇ ಪದಾತಿ ಡಿವಿಜನ್ ಗೋವಾ ಒಳಗೆ ಇಳಿಯಿತು. ಕಾರವಾರದ ಎದುರಿಗಿರುವ ಅಂಜುದೀವ್ ದ್ವೀಪವನ್ನು ಹಿಡಿಯಲು ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ಹೋದವು. ಅಲ್ಲಿ ನೌಕಾಪಡೆಯ ಏಳು ಜನ ಪ್ರಾಣ ಬಿಟ್ಟರು. ಒಟ್ಟು ಕಾರ್ಯಾಚರಣೆ ಸುಮಾರು 36 ಗಂಟೆ, ಡಿಸೆಂಬರ್ 19ಕ್ಕೆ ಮುಗಿದೇ ಹೋಯಿತು. ನ್ಯೂಯಾರ್ಕ್‌ನಲ್ಲಿ ಕದನ ನಿಲ್ಲಿಸಿ ಸೇನೆ ಹಿಂತೆಗೆಯಿರಿ ಅಂತ ಅಮೆರಿಕ, ಬ್ರಿಟನ್, ಫ್ರಾನ್ಸ್, ಟರ್ಕಿ ತಂದ ನಿರ್ಣಯಕ್ಕೆ 7 ಮತ ಪರ, 4 ವಿರುದ್ಧ. ಆ ನಾಲ್ಕರಲ್ಲಿ ಒಂದು ಸೋವಿಯತ್ ವೀಟೊ. ಸೋವಿಯತ್ ನಾಯಕ ಬ್ರೆಜ್ನೆವ್ ಆ ದಿನಗಳಲ್ಲಿ ಭಾರತ ಪ್ರವಾಸದಲ್ಲೇ ಇದ್ದರು.

1971ರಲ್ಲಿ 36 ಗಂಟೆ ಸಾಲುತ್ತಿರಲಿಲ್ಲ, ಅದು ದೆಹಲಿಗೆ ಗೊತ್ತಿತ್ತು. ಹಾಗಾಗಿ ವಾರಗಟ್ಟಲೆ ಸಮಯ ಕೊಡಬಲ್ಲ ಗೆಳೆಯನನ್ನು ಮೊದಲೇ ಹುಡುಕಿಕೊಂಡರು. ಆಗಸ್ಟ್ 9ರಂದು ಸ್ವರಣ್ ಸಿಂಗ್ ಮತ್ತು ಗ್ರೊಮಿಕೊ ಸಹಿ ಹಾಕಿದ ಭಾರತ-ಸೋವಿಯತ್ ಒಪ್ಪಂದದ 9ನೇ ವಿಧಿ, ದಾಳಿ ಅಥವಾ ಅದರ ಬೆದರಿಕೆ ಬಂದರೆ ತಕ್ಷಣ ಪರಸ್ಪರ ಸಮಾಲೋಚನೆ ಅನ್ನುತ್ತದೆ. ಇಲ್ಲೂ ಅಪ್ಪಣೆ ಅನ್ನೋ ಪದ ಇಲ್ಲ. ಆಮೇಲೆ ಇಂದಿರಾ ಗಾಂಧಿ ಪಶ್ಚಿಮದ ರಾಜಧಾನಿಗಳನ್ನು ಸುತ್ತಿದರು, ನವೆಂಬರ್ ಮೊದಲ ವಾರ ನಿಕ್ಸನ್ ಅವರನ್ನೂ ಕಂಡರು. ಒಪ್ಪಿಗೆ ಸಿಗಲಿಲ್ಲ. ಸಿಗುತ್ತೆ ಅಂತ ನಂಬಿ ಹೋಗಿದ್ದರು ಅಂತಲೂ ನನಗನ್ನಿಸಲ್ಲ. ಸುಮಾರು ಒಂದು ಕೋಟಿ ನಿರಾಶ್ರಿತರ ಹೊರೆ ನಮ್ಮ ಮೇಲಿದೆ ಅಂತ ಎದುರುಕೂತು ಹೇಳಿ ಬಂದದ್ದೇ ಆ ಪ್ರವಾಸದ ಕೆಲಸ.

ಡಿಸೆಂಬರ್ 3ಕ್ಕೆ ಯುದ್ಧ. ಡಿಸೆಂಬರ್ 7ರಂದು ಸಾಮಾನ್ಯ ಸಭೆಯಲ್ಲಿ ಕದನ ವಿರಾಮದ ಪರ 104, ವಿರುದ್ಧ 11. ಅಲಿಪ್ತ ಗೆಳೆಯರಲ್ಲೂ ಹೆಚ್ಚಿನವರು ನಮ್ಮ ಜೊತೆ ನಿಲ್ಲಲಿಲ್ಲ. ಭದ್ರತಾ ಮಂಡಳಿಯಲ್ಲಿ ಮಾಸ್ಕೊ ಮೂರು ಸಲ ವೀಟೊ ಹಾಕಿತು, ಜೊತೆಗೆ ಬೇಗ ಮುಗಿಸಿ ಅನ್ನೋ ಒತ್ತಡವನ್ನೂ ಹಾಕಿತು. ಢಾಕಾ ಶರಣಾಗಿದ್ದು 16ಕ್ಕೆ, ಪಶ್ಚಿಮದಲ್ಲಿ ಕದನ ನಿಂತದ್ದು 17ಕ್ಕೆ. ಸೂಯೆಜ್‌ನಲ್ಲಿ ಈಡನ್ ಕೈಲಿಲ್ಲದ್ದು ಇಲ್ಲಿ ಇಂದಿರಾ ಕೈಲಿತ್ತು. ಗುರಿ ಮುಟ್ಟಲು ಎಷ್ಟು ದಿನ ಬೇಕು, ಅಷ್ಟು ದಿನ ಯಾರು ಬಾಗಿಲು ಹಿಡಿದು ನಿಲ್ಲುತ್ತಾರೆ ಅನ್ನೋ ಲೆಕ್ಕ ಅದು. 'ಯಾರನ್ನೂ ಕೇಳದೆ ನುಗ್ಗಿದೆವು' ಅಂತ 1971ನ್ನು ಎತ್ತಿ ಮೆರೆಸುವವರು ಆ ಎಂಟು ತಿಂಗಳ ತಯಾರಿಯನ್ನು ಮರೆಸಿಬಿಡುತ್ತಾರೆ.

ಕೇಳಿದ್ದಕ್ಕೆ ಬೇಡ ಅಂದ ಅನುಭವವೂ ನಮಗಿದೆ. 2003ರಲ್ಲಿ ಇರಾಕಿಗೆ ಒಂದು ಡಿವಿಜನ್, ಸುಮಾರು 17,000 ಸೈನಿಕರನ್ನು ಕಳಿಸಿ ಅಂತ ಅಮೆರಿಕ ಕೇಳಿತು. ವಾಜಪೇಯಿ ಸರ್ಕಾರ ತಿಂಗಳುಗಟ್ಟಲೆ ತೂಗಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಆಗಲ್ಲ ಅಂತ ಜುಲೈ 14ರಂದು ಹೇಳಿತು. ಯಾವ ಸಾಮೂಹಿಕ ನಾಶದ ಅಸ್ತ್ರಗಳ ಹೆಸರಲ್ಲಿ ಆ ಯುದ್ಧ ಶುರುವಾಯಿತೋ ಅವು ಆಮೇಲೂ ಸಿಗಲಿಲ್ಲ. ಹಾಗಾಗಿ ಗೆಳೆಯರ ನಿರಾಕರಣೆಯನ್ನು ಬರೀ ಅಡ್ಡಗಾಲು ಅಂತ ನೋಡೋದನ್ನು ನಾನು ಒಪ್ಪಲ್ಲ. ಫ್ರಾನ್ಸ್, ಜರ್ಮನಿ, ಟರ್ಕಿ ಸಂಸತ್ತು, ದೆಹಲಿ, ಇಷ್ಟು ಜನ ನಿಮ್ಮ ಪುರಾವೆ ಸಾಲದು ಅಂದಾಗ ಪುರಾವೆಯನ್ನೇ ಇನ್ನೊಮ್ಮೆ ನೋಡಬೇಕಿತ್ತು. ಯುದ್ಧದ ಉತ್ಸಾಹದಲ್ಲಿರೋ ಸರ್ಕಾರಕ್ಕೆ ಒಳಗಿನವರು ಹೇಳಲಾಗದ್ದನ್ನು ಹೊರಗಿನ ಸ್ನೇಹಿತ ಹೇಳಬಲ್ಲ. 1956ರಲ್ಲಿ ಐಸೆನ್‌ಹೋವರ್ ಮಾಡಿದ್ದೂ ಅದನ್ನೇ.

2025ರ ಮೇ, ಮತ್ತು ಬೆಂಗಳೂರಿನ ಹ್ಯಾಂಗರ್

ಆಪರೇಷನ್ ಸಿಂಧೂರಕ್ಕೆ ಭಾರತ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೇ 7ರ ದಾಳಿಯ ನಂತರ ಪ್ರಮುಖ ದೇಶಗಳಿಗೆ ಮಾಹಿತಿ ಕೊಟ್ಟಿತು, ಆಮೇಲೆ ಏಳು ಸರ್ವಪಕ್ಷ ನಿಯೋಗಗಳನ್ನು ಹೊರದೇಶಗಳಿಗೆ ಕಳಿಸಿತು. ದಾಳಿ ನಡೆಯುತ್ತಿರುವಾಗಲೇ, ಮೇ 9ರಂದು, ಐಎಂಎಫ್ ಪಾಕಿಸ್ತಾನಕ್ಕೆ ಸುಮಾರು 100 ಕೋಟಿ ಡಾಲರ್ ಕಂತು ಬಿಡುಗಡೆಗೆ ಒಪ್ಪಿತು, ಭಾರತ ಮತದಾನದಿಂದ ದೂರ ಉಳಿಯಿತು. ಸೂಯೆಜ್ ಓದಿದವರಿಗೆ ಆ ಸುದ್ದಿ ಓದುವಾಗ ಏನೋ ಚುರುಕ್ಕೆನ್ನುತ್ತದೆ. ಮೇ 10ರ ಕದನ ವಿರಾಮವನ್ನು ಟ್ರಂಪ್ ಎಲ್ಲರಿಗಿಂತ ಮೊದಲು ಘೋಷಿಸಿದರು. ಎರಡೂ ಕಡೆಯ ಡಿಜಿಎಂಒಗಳು ನೇರವಾಗಿ ಮಾತಾಡಿ ತೀರ್ಮಾನಿಸಿದ್ದು ಅಂತ ದೆಹಲಿ ಹೇಳುತ್ತಲೇ ಇದೆ. ಯಾರು ನಿಲ್ಲಿಸಿದರು ಅನ್ನೋ ಈ ವಾದಕ್ಕಿಂತ, ನಾಲ್ಕು ದಿನದ ಬದಲು ನಲವತ್ತು ದಿನ ಆಗಿದ್ದರೆ ನಮಗೆ ಯಾರ್ಯಾರಿಂದ ಏನೇನು ಬೇಕಾಗುತ್ತಿತ್ತು ಅನ್ನೋ ಪ್ರಶ್ನೆ ನನಗೆ ಮುಖ್ಯ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಪ್ರಕಾರ 2020ರಿಂದ 2024ರವರೆಗೆ ನಾವು ಆಮದು ಮಾಡಿಕೊಂಡ ಶಸ್ತ್ರಾಸ್ತ್ರಗಳಲ್ಲಿ ಶೇ 36 ರಷ್ಯಾದ್ದು. ಆ ರಷ್ಯಾ ಈಗ ತನ್ನದೇ ಯುದ್ಧದಲ್ಲಿ ಮುಳುಗಿದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ದೆಹಲಿಗೆ ಹೋಗಬೇಕಿಲ್ಲ. 1998ರಲ್ಲಿ ಪೋಖ್ರಾನ್ ಪರೀಕ್ಷೆಯ ಬೆನ್ನಿಗೆ ಅಮೆರಿಕ ನಿರ್ಬಂಧ ಹಾಕಿದಾಗ, ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಲಾಕ್‌ಹೀಡ್ ಮಾರ್ಟಿನ್‌ನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರ್‌ಗಳು ಅರ್ಧಕ್ಕೇ ವಾಪಸ್ ಬರಬೇಕಾಯಿತು. ಅದನ್ನು ಇಲ್ಲೇ ಮುಗಿಸಿ, 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿಸಿದರು. ಎಂಜಿನ್ ಮಾತ್ರ ಇಲ್ಲಿ ಆಗಲಿಲ್ಲ. 2021ರಲ್ಲಿ ಎಚ್‌ಎಎಲ್, ತೇಜಸ್ ಮಾರ್ಕ್-1ಎಗಾಗಿ ಅಮೆರಿಕದ ಜಿಇ ಕಂಪನಿಗೆ 99 ಎಫ್-404 ಎಂಜಿನ್‌ಗಳ ಆರ್ಡರ್ ಕೊಟ್ಟಿತು. ವಾಯುಪಡೆಗೆ ಮೊದಲ ವಿಮಾನ ಸಿಗಬೇಕಾಗಿದ್ದ ಗಡುವು 2024ರ ಮಾರ್ಚ್. ಆ 99ರಲ್ಲಿ ಮೊದಲ ಎಂಜಿನ್ ಹಸ್ತಾಂತರವಾಗಿದ್ದೇ 2025ರ ಮಾರ್ಚ್‌ನಲ್ಲಿ. ಈ ಸಲ ನಿರ್ಬಂಧ ಇರಲಿಲ್ಲ, ಮುನಿಸೂ ಇರಲಿಲ್ಲ. ಬಿಡಿಭಾಗಗಳ ಪೂರೈಕೆಯಲ್ಲಿ ತೊಡಕು, ಅಷ್ಟೇ. ಮೈ ಸಿದ್ಧವಾದ ವಿಮಾನಗಳು ಹ್ಯಾಂಗರ್‌ನಲ್ಲಿ ಎಂಜಿನ್‌ಗಾಗಿ ಕಾದು ನಿಂತಿದ್ದವು.